ಗುಡ್ಡದ ಬುಡದ ಮನೆಯವರು ದಿಢೀರ್ ಪ್ರವಾಹಕ್ಕೆ ಮೊದಲೇ ಹೊರಡುವುದು ಹೇಗೆ

2018ರ ಆಗಸ್ಟ್ ನಡುಭಾಗದಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು, ಮೊಣ್ಣಂಗೇರಿ ಕಡೆಗಳಲ್ಲಿ ಗುಡ್ಡಗಳು ಜರಿದು, ಬಂಡೆ ಮತ್ತು ಮರಗಳನ್ನು ಹೊತ್ತ ಕೆಸರುನೀರು ಇಳಿಜಾರಿನಲ್ಲಿದ್ದ ಮನೆಗಳನ್ನೂ ತೋಟಗಳನ್ನೂ ಕೊಚ್ಚಿಕೊಂಡು ಹೋಯಿತು. ಜನರು ಇದನ್ನು ಜಲಸ್ಫೋಟವೆಂದು ಕರೆದರು. ದಿನಗಟ್ಟಲೆ ಸುರಿದ ಮಳೆಯಿಂದ ನೀರು ತುಂಬಿಕೊಂಡ ಮಣ್ಣು, ರಸ್ತೆಗೂ ಕಟ್ಟಡಕ್ಕೂ ಕಡಿದಾಗಿ ಕತ್ತರಿಸಿದ ಬರೆಗಳಲ್ಲಿ, ಅಂದರೆ ಗುಡ್ಡದ ಮಣ್ಣಿನ ಗೋಡೆಗಳಲ್ಲಿ, ಆಸರೆ ತಪ್ಪಿ ಜಾರುತ್ತದೆ. ಬಯಲುಸೀಮೆಯ ಹೊಳೆ ಉಕ್ಕುವಾಗ ಸಿಗುವ ಗಂಟೆಗಳ ಕಾಲಾವಕಾಶ ಇಲ್ಲಿ ಸಿಗುವುದಿಲ್ಲ. ಆದ್ದರಿಂದ ಯಾವಾಗ ಮನೆ ಬಿಡಬೇಕೆಂಬುದನ್ನು ಮಳೆಗಾಲಕ್ಕೆ ಮುಂಚೆಯೇ ಮನೆಯವರೆಲ್ಲ ಕುಳಿತು ತೀರ್ಮಾನಿಸಿಕೊಳ್ಳಬೇಕು.

ಮೊದಲು ಮಳೆಯನ್ನು ಅಳೆಯಿರಿ. ಕಾಫಿ ಬೆಳೆಗಾರರು ಇಂಚಿನ ಲೆಕ್ಕದಲ್ಲಿ ಮಳೆ ಬರೆದಿಡುವ ರೂಢಿ ಈಗಲೂ ಬೆಲೆಬಾಳುವಂಥದ್ದು; ಮಳೆಮಾಪಕವಿಲ್ಲದವರು ಬಾಯಿ ಮತ್ತು ಬುಡ ಒಂದೇ ಅಗಲವಿರುವ ಡಬ್ಬಿಯನ್ನು ಬಯಲಿನಲ್ಲಿಟ್ಟು ಅಳತೆಪಟ್ಟಿಯಿಂದ ನೋಡಬಹುದು. ಒಂದು ದಿನದಲ್ಲಿ 204.4 ಮಿಲಿಮೀಟರ್, ಅಂದರೆ ಸುಮಾರು ಎಂಟು ಇಂಚು ಮೀರಿದರೆ ಹವಾಮಾನ ಇಲಾಖೆ ಅದನ್ನು ಅತ್ಯಂತ ಭಾರೀ ಮಳೆಯೆನ್ನುತ್ತದೆ. ಆದರೆ ನೆಲ ಆಗಲೇ ನೆನೆದಿದ್ದರೆ ಅದಕ್ಕಿಂತ ಕಡಿಮೆ ಮಳೆಯೂ ಸಾಕು.

ಮಳೆಗಿಂತ ಹೆಚ್ಚಾಗಿ ತೋಡನ್ನು, ಅಂದರೆ ಹತ್ತಿರದ ಸಣ್ಣ ಹಳ್ಳವನ್ನು, ಗಮನಿಸಿ. ನೀರು ಹಠಾತ್ತನೆ ಕೆಂಪಾಗಿ ರಾಡಿಯಾದರೆ, ಅಥವಾ ಮಳೆ ಸುರಿಯುತ್ತಿರುವಾಗಲೇ ಹರಿವು ತಗ್ಗಿದರೆ, ಒಂದು ಕ್ಷಣವೂ ಕಾಯಬೇಡಿ. ಹರಿವು ತಗ್ಗಿದ್ದು ಸಮಾಧಾನದ ಸೂಚನೆಯಲ್ಲ, ಮೇಲೆಲ್ಲೋ ಮಣ್ಣು ಕುಸಿದು ನೀರಿಗೆ ಕಟ್ಟೆ ಬಿದ್ದಿರಬಹುದು, ಅದು ಯಾವ ಗಳಿಗೆಯಲ್ಲಾದರೂ ಒಡೆಯಬಹುದು. ಅಂಗಳದಲ್ಲಿ ಹೊಸ ಬಿರುಕು, ಹಿಂದೆ ಒರತೆ ಇಲ್ಲದ ಕಡೆ ಒಸರುವ ನೀರು, ವಾಲಿದ ಮರ ಅಥವಾ ವಿದ್ಯುತ್ ಕಂಬ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು ಇವೂ ಅಷ್ಟೇ ಗಂಭೀರ.

ಸಂಶಯ ಬಂದ ದಿನ ಕತ್ತಲಾಗುವ ಮೊದಲೇ ಹೊರಡಿ. ಕೈ ಒದ್ದೆಯಿಲ್ಲದಿದ್ದರೆ ಮೇನ್ ಸ್ವಿಚ್ ಆರಿಸಿ, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ಕೊಟ್ಟಿಗೆಯ ದನಗಳ ಹಗ್ಗ ಬಿಚ್ಚಿಬಿಡಿ. ತೋಡಿನ ಗುಂಟ ಕೆಳಗೆ ಓಡದೆ, ಅದಕ್ಕೆ ಅಡ್ಡವಾಗಿ ಪಕ್ಕದ ಎತ್ತರದ ಗಟ್ಟಿ ನೆಲಕ್ಕೆ ಹೋಗಿ. ನೀರು ಹರಿಯುವ ಮೋರಿಯ ಮೇಲೆ ವಾಹನ ಓಡಿಸಬೇಡಿ. ಒಂದು ಅಡಿ ನೀರಿನಲ್ಲಿ ಸಣ್ಣ ಕಾರು ತೇಲಬಲ್ಲದು. ಸುರಕ್ಷಿತ ಜಾಗ ಸೇರಿದ ಮೇಲೆ 112ಕ್ಕೆ ಕರೆ ಮಾಡಿ, ಹಿಂದೆ ಉಳಿದವರ ಮಾಹಿತಿ ಕೊಡಿ.

ಮಳೆ ಬಿಡುವು ಕೊಟ್ಟಿತೆಂದು ಕಾಗದಪತ್ರ ತರಲು ಮರಳಬೇಡಿ, ಏಕೆಂದರೆ ಒಮ್ಮೆ ಜರಿದ ಬರೆ ಮತ್ತೆ ಜರಿಯುವುದುಂಟು. ಅಧಿಕಾರಿಗಳು ಅನುಮತಿಸಿದ ಮೇಲೆ ಹಗಲಿನಲ್ಲಿಯೇ ಹೋಗಿ, ವೈರಿಂಗ್ ಪರೀಕ್ಷೆಯಾಗುವ ತನಕ ದೀಪ ಹಾಕದೆ, ಬಾವಿಗೆ ಕ್ಲೋರಿನ್ ಹಾಕಿಸುವವರೆಗೆ ಬೇರೆ ಕಡೆಯ ನೀರನ್ನೇ ಕುದಿಸಿ ಕುಡಿಯಿರಿ.