ಶೇಕಡಾ ಎರಡರಷ್ಟು ಮಂಕಾದ ನಕ್ಷತ್ರ

ಹ್ಯಾಟ್-ಪಿ-32 ಬರಿಗಣ್ಣಿಗೆ ಕಾಣುವ ನಕ್ಷತ್ರವಲ್ಲ. ದೇವಯಾನಿ ಪುಂಜದ ಅಲ್ಮಾಕ್ ನಕ್ಷತ್ರದಿಂದ ನಾಲ್ಕು ಡಿಗ್ರಿಗಿಂತ ಸ್ವಲ್ಪ ಹೆಚ್ಚು ಉತ್ತರಕ್ಕೆ ಹೋದರೆ ಟೆಲಿಸ್ಕೋಪಿನಲ್ಲಿ ಸಿಗುತ್ತದೆ. ಕಾಂತಿಮಾನ 11.3; ಈ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು. ಸುತ್ತಲಿನ ಚುಕ್ಕಿಗಳಲ್ಲಿ ಅದೂ ಒಂದು ಚುಕ್ಕಿ, ಅಷ್ಟೆ. ಆದರೆ ಪ್ರತಿ 2 ದಿನ 3 ಗಂಟೆ 36 ನಿಮಿಷಕ್ಕೊಮ್ಮೆ ಅದರ ಬೆಳಕು ಶೇ 2ಕ್ಕಿಂತ ಸ್ವಲ್ಪ ಜಾಸ್ತಿ ಇಳಿಯುತ್ತದೆ. ಸುಮಾರು ಮೂರು ಗಂಟೆಯಲ್ಲಿ ಮತ್ತೆ ಮೊದಲಿನಂತಾಗುತ್ತದೆ. ಆ ಹೊತ್ತಿನಲ್ಲಿ ಒಂದು ಗ್ರಹ ನಕ್ಷತ್ರದ ಮುಂದೆ ಹಾದುಹೋಗುತ್ತಿರುತ್ತದೆ. ಇದನ್ನೇ ಸಂಕ್ರಮಣ ಎನ್ನುವುದು. ಈ ಸಂಕ್ರಮಣವನ್ನು ನಾನು 8 ಇಂಚಿನ ಟೆಲಿಸ್ಕೋಪು ಮತ್ತು ಒಂದು ಕಪ್ಪು-ಬಿಳುಪು ಕ್ಯಾಮೆರಾದಲ್ಲಿ ಅಳೆದೆ.

ಮೊದಲು ಪ್ರಯತ್ನಿಸಿದ್ದು ಬೇರೆ ನಕ್ಷತ್ರವನ್ನು. ಎಚ್‌ಡಿ 189733ರ ಗ್ರಹ 2005ರಲ್ಲಿ ಪತ್ತೆಯಾದದ್ದು. ನಕ್ಷತ್ರ ಪ್ರಕಾಶಮಾನ, ಕಾಂತಿಮಾನ 7.7. ಬೆಳಕು ಜಾಸ್ತಿ ಇದ್ದರೆ ಕೆಲಸ ಸುಲಭ ಅಂದುಕೊಂಡಿದ್ದೆ. ಆದರೆ ಕ್ಯಾಮೆರಾದ ಪಿಕ್ಸೆಲ್‌ಗಳು ತುಂಬಿ ತುಳುಕಿದವು. ತುಂಬಿದ ಪಿಕ್ಸೆಲ್ ಬೆಳಕಿನ ಏರಿಳಿತವನ್ನು ಹೇಳುವುದಿಲ್ಲ. ಜೊತೆಗೆ ಹೋಲಿಸಿ ನೋಡಲು ಅದೇ ಚಿತ್ರದೊಳಗೆ ಅಷ್ಟು ಪ್ರಕಾಶದ ಇನ್ನೊಂದು ನಕ್ಷತ್ರ ಇರಲಿಲ್ಲ.

ಈ ಹೋಲಿಕೆಯೇ ಇಡೀ ಕೆಲಸದ ಜೀವ. ತೆಳು ಮೋಡ ಬಂದರೆ ನಕ್ಷತ್ರ ಮಂಕಾಗುತ್ತದೆ. ದಿಗಂತದ ಕಡೆ ಇಳಿದರೂ ಮಂಕಾಗುತ್ತದೆ. ಇವುಗಳ ಮುಂದೆ ಗ್ರಹ ತಡೆಯುವ ಬೆಳಕು ತೀರಾ ಸಣ್ಣದು. ಆದರೆ ಮೋಡ ಬಂದರೆ ಪಕ್ಕದ ನಕ್ಷತ್ರವೂ ಮಂಕಾಗುತ್ತದೆ, ಅಲ್ವಾ? ಗ್ರಹ ಅಡ್ಡ ಬಂದಾಗ ಮಾತ್ರ ಒಂದೇ ನಕ್ಷತ್ರ ಇಳಿಯುತ್ತದೆ. ಹಾಗಾಗಿ ಒಂದರ ಬೆಳಕನ್ನು ಇನ್ನೊಂದರ ಬೆಳಕಿನಿಂದ ಭಾಗಿಸಬೇಕು. ಹ್ಯಾಟ್-ಪಿ-32ರ ಚಿತ್ರದಲ್ಲಿ ನಾನು ಆರು ನಕ್ಷತ್ರಗಳನ್ನು ಆರಿಸಿ, ಮೊದಲು ಅವುಗಳನ್ನೇ ಒಂದಕ್ಕೊಂದು ಹೋಲಿಸಿದೆ. ಒಂದು ನಕ್ಷತ್ರ ನಿಧಾನವಾಗಿ ಏರುತ್ತಾ ಹೋಗುತ್ತಿತ್ತು. ಅದನ್ನು ಕೈಬಿಟ್ಟೆ. ಈ ಪರೀಕ್ಷೆಯನ್ನು ದಯವಿಟ್ಟು ಯಾರೂ ಬಿಡಬೇಡಿ.

ಫೋಕಸ್ ಅನ್ನು ಬೇಕೆಂದೇ ಸ್ವಲ್ಪ ಕೆಡಿಸಿದೆ. ಚಂದದ ಚಿತ್ರ ತೆಗೆದು ರೂಢಿಯಾದವರಿಗೆ ಇದು ಕಷ್ಟ. ಆದರೆ ಬೆಳಕು ಹೆಚ್ಚು ಪಿಕ್ಸೆಲ್‌ಗಳಿಗೆ ಹರಡಿದರೆ ಯಾವುದೂ ತುಂಬುವುದಿಲ್ಲ. ಒಂದೊಂದು ಪಿಕ್ಸೆಲ್‌ನ ಸಣ್ಣ ದೋಷವೂ ಸರಾಸರಿಯಲ್ಲಿ ಕರಗುತ್ತದೆ. ಪ್ರತಿ ಚಿತ್ರಕ್ಕೆ 60 ಸೆಕೆಂಡ್ ಕೊಟ್ಟೆ.

ಆದರೂ ಮೊದಲ ರಾತ್ರಿ ಹಾಳಾಯಿತು. ನಕ್ಷತ್ರ ಆಕಾಶದ ಉತ್ತರ-ದಕ್ಷಿಣ ನಡುಗೆರೆ ದಾಟುವಾಗ ನನ್ನ ಮೌಂಟ್ (ಟೆಲಿಸ್ಕೋಪನ್ನು ಹೊತ್ತು ತಿರುಗಿಸುವ ಪೀಠ) ಟೆಲಿಸ್ಕೋಪನ್ನು ಇನ್ನೊಂದು ಬದಿಗೆ ತಿರುಗಿಸಲೇಬೇಕು. ಆಗ ಚಿತ್ರ ತಲೆಕೆಳಗಾಗಿ ನಕ್ಷತ್ರಗಳು ಬೇರೆ ಪಿಕ್ಸೆಲ್‌ಗಳ ಮೇಲೆ ಕೂರುತ್ತವೆ. ಗ್ರಹ ನಕ್ಷತ್ರದ ಅಂಚಿನಿಂದ ಹೊರಬರುವ ಹೊತ್ತಿಗೇ ಇದು ನಡೆಯಿತು. ಗ್ರಾಫಿನಲ್ಲಿ ಒಂದು ಮೆಟ್ಟಿಲು ಮೂಡಿತು. ಅದರಲ್ಲಿ ಗ್ರಹದ ಪಾಲೆಷ್ಟು, ಮೌಂಟಿನ ಪಾಲೆಷ್ಟು ಅಂತ ಬಿಡಿಸಲು ಎರಡು ದಿನ ಕೂತರೂ ಆಗಲಿಲ್ಲ.

ಮುಂದಿನ ಸಂಕ್ರಮಣ ಎರಡು ರಾತ್ರಿ ಬಿಟ್ಟು, 3 ಗಂಟೆ 36 ನಿಮಿಷ ತಡವಾಗಿ ಬರುವುದಿತ್ತು. ಅಷ್ಟು ಹೊತ್ತಿಗೆ ನಕ್ಷತ್ರ ನಡುಗೆರೆ ದಾಟಿರುತ್ತದೆ. ದಾಟಿದ ಮೇಲೆಯೇ ಚಿತ್ರ ತೆಗೆಯಲು ಶುರು ಮಾಡಿದೆ. ಸಂಕ್ರಮಣಕ್ಕೆ 45 ನಿಮಿಷ ಮೊದಲಿನಿಂದ, ಮುಗಿದ ಮೇಲೆ ಇನ್ನೂ 45 ನಿಮಿಷದವರೆಗೆ. ಮೊದಲಿನ ಮತ್ತು ಕೊನೆಯ ಸಮತಟ್ಟಾದ ಭಾಗ ಇಲ್ಲದಿದ್ದರೆ ಬೆಳಕು ಎಲ್ಲಿಂದ ಎಷ್ಟು ಇಳಿಯಿತು ಅಂತ ಹೇಳಲು ಆಗುವುದಿಲ್ಲ. ಒಟ್ಟು 260 ಚಿತ್ರಗಳಾದವು.

ಆಸ್ಟ್ರೋಇಮೇಜ್‌ಜೆ ಎಂಬ ಉಚಿತ ತಂತ್ರಾಂಶದಲ್ಲಿ ಅವನ್ನೆಲ್ಲ ಅಳೆದೆ. ಗ್ರಾಫಿನ ಒಂದೊಂದು ಚುಕ್ಕಿ ಸಾವಿರಕ್ಕೆ ನಾಲ್ಕರಷ್ಟು ಆಚೀಚೆ ಇತ್ತು. ಕೊನೆಯ ಗಂಟೆಯಲ್ಲಿ ನಕ್ಷತ್ರ ತುಂಬಾ ಕೆಳಗಿಳಿದಿದ್ದರಿಂದ ಇನ್ನೂ ಹೆಚ್ಚು ಚದುರಿತ್ತು. ಆದರೂ ನಡುವಿನ ತಗ್ಗು ಎದ್ದು ಕಾಣುತ್ತಿತ್ತು. ಸಾವಿರಕ್ಕೆ ಸುಮಾರು 22 ಪಾಲು. ಮುಂಜಾವದಲ್ಲಿ ಆ ಗ್ರಾಫ್ ನೋಡಿ ತುಂಬಾ ಹೊತ್ತು ಹಾಗೇ ಕೂತಿದ್ದೆ.

ಈ ಒಂದು ತಗ್ಗಿನಿಂದ ಗ್ರಹದ ಗಾತ್ರ ಸಿಗುತ್ತದೆ. ತಡೆದ ಬೆಳಕು ಗ್ರಹ ಮುಚ್ಚುವ ವಿಸ್ತೀರ್ಣದ ಲೆಕ್ಕ, ಅಗಲ ಬೇಕಾದರೆ ಅದರ ವರ್ಗಮೂಲ ತೆಗೆಯಬೇಕು. 0.022ರ ವರ್ಗಮೂಲ ಸುಮಾರು 0.15. ಅಂದರೆ ಗ್ರಹದ ಅಗಲ ನಕ್ಷತ್ರದ ಅಗಲದ ಶೇ 15ರಷ್ಟು. ನಕ್ಷತ್ರ ನಮ್ಮ ಸೂರ್ಯನಿಗಿಂತ 1.2 ಪಟ್ಟು ದೊಡ್ಡದು. ಲೆಕ್ಕ ಹಾಕಿದರೆ ಗ್ರಹ ನಮ್ಮ ಗುರು ಗ್ರಹದ 1.8 ಪಟ್ಟಿನ ಹತ್ತಿರ ಬರುತ್ತದೆ. ಹೋಲಿಕೆಗೆ ಹೇಳುವುದಾದರೆ, ಭೂಮಿ ಸೂರ್ಯನ ಮುಂದೆ ಹಾದಾಗ ದೂರದವರಿಗೆ ಇಳಿದು ಕಾಣುವ ಬೆಳಕು ಲಕ್ಷಕ್ಕೆ ಎಂಟು ಪಾಲು ಮಾತ್ರ. ಅಷ್ಟು ಸಣ್ಣದನ್ನು ಹಿಡಿಯಲು ವಾತಾವರಣದ ಆಚೆಗೇ ಹೋಗಬೇಕು. 2009ರಲ್ಲಿ ಕೆಪ್ಲರ್ ದೂರದರ್ಶಕವನ್ನು ಮೇಲೆ ಕಳಿಸಿದ್ದು ಅದಕ್ಕೇ.

ಈ ಗಾತ್ರವನ್ನು ವಿಜ್ಞಾನಿಗಳು ನನಗಿಂತ ಎಷ್ಟೋ ಚೆನ್ನಾಗಿ ಅಳೆದಿದ್ದಾರೆ. ನಮ್ಮಂಥವರಿಂದ ಉಪಯೋಗಕ್ಕೆ ಬರುವುದು ಸಂಕ್ರಮಣದ ಸಮಯ. ಗ್ರಹ ಒಂದು ಸುತ್ತು ಹಾಕುವ ಕಾಲದಲ್ಲಿ ಒಂದು ಸೆಕೆಂಡ್ ತಪ್ಪಿದ್ದರೆ 500 ಸುತ್ತಿಗೆ ಎಂಟು ನಿಮಿಷ ತಪ್ಪುತ್ತದೆ. ಈ ಗ್ರಹಕ್ಕೆ 500 ಸುತ್ತೆಂದರೆ ಮೂರು ವರ್ಷವೂ ಇಲ್ಲ. ದೊಡ್ಡ ದೂರದರ್ಶಕಗಳ ಸಮಯ ಹಾಗೆ ವ್ಯರ್ಥವಾಗಬಾರದು. ಯುರೋಪಿನ ಏರಿಯಲ್ ದೂರದರ್ಶಕ ಸುಮಾರು ಸಾವಿರ ಗ್ರಹಗಳ ವಾತಾವರಣ ನೋಡಲಿದೆ. ಅದಕ್ಕೆ ಬೇಕಾದ ಸಮಯಗಳನ್ನು ಎಕ್ಸೋಕ್ಲಾಕ್ ಎಂಬ ಯೋಜನೆ ಹವ್ಯಾಸಿಗಳಿಂದಲೂ ಪಡೆಯುತ್ತದೆ. ಕಂಪ್ಯೂಟರ್ ಗಡಿಯಾರ ಸರಿಯಿದ್ದರೆ ಸಾಲದು. ಭೂಮಿ ಸೂರ್ಯನ ಆಚೆ ಇದೆಯೋ ಈಚೆ ಇದೆಯೋ ಎಂಬುದರ ಮೇಲೆ ಬೆಳಕು ಎಂಟು ನಿಮಿಷದವರೆಗೂ ಬೇಗ ಅಥವಾ ತಡವಾಗಿ ಬರಬಹುದು. ಅದನ್ನೂ ಸರಿಪಡಿಸಿ ನನ್ನ ಅಳತೆ ಕಳಿಸಿದೆ. ಅದರಲ್ಲಿ ಸುಮಾರು ಒಂದೂವರೆ ನಿಮಿಷದ ಅನುಮಾನ ಉಳಿದಿತ್ತು.

2023ರಲ್ಲಿ ಇದೇ ಗ್ರಹದಿಂದ ಹೀಲಿಯಂ ಅನಿಲ ಸೋರಿಹೋಗುತ್ತಿರುವುದು ಪ್ರಕಟವಾಯಿತು. ಗ್ರಹದ ಮುಂದೆಯೂ ಹಿಂದೆಯೂ ಚಾಚಿದ ಬಾಲಗಳು, ಗ್ರಹದ ತ್ರಿಜ್ಯದ 50 ಪಟ್ಟಿಗೂ ಉದ್ದ. ನನ್ನ ಗ್ರಾಫಿನಲ್ಲಿ ಅದು ಕಾಣುವಂಥದ್ದಲ್ಲ. ಆದರೂ ಓದಿದ ಮೇಲೆ ಆ ತಗ್ಗನ್ನು ಮತ್ತೊಮ್ಮೆ ತೆಗೆದು ನೋಡಿದೆ.

ಈಗ ವಾಸ್ಪ್-12 ಬಿ ಎಂಬ ಇನ್ನೊಂದು ಗ್ರಹದ ಹಿಂದೆ ಬಿದ್ದಿದ್ದೇನೆ. ಇದರ ತಗ್ಗು ಶೇ 1.4 ಮಾತ್ರ, ನಕ್ಷತ್ರವೂ ಇನ್ನಷ್ಟು ಮಂಕು. ಈ ಗ್ರಹ ತನ್ನ ನಕ್ಷತ್ರದ ಕಡೆಗೆ ಸುತ್ತುತ್ತಲೇ ಇಳಿಯುತ್ತಿದೆ. ಅದರ ಒಂದು ಸುತ್ತಿನ ಕಾಲ ವರ್ಷಕ್ಕೆ ಸುಮಾರು 29 ಮಿಲಿಸೆಕೆಂಡ್ ಕಡಿಮೆಯಾಗುತ್ತಿದೆ. ಇದು ತಿಳಿದದ್ದು ವರ್ಷಗಟ್ಟಲೆ ಸಂಕ್ರಮಣದ ಸಮಯ ಬರೆದಿಟ್ಟಿದ್ದರಿಂದ.