ಪುಂಡಿ ಪಲ್ಯ ಉಳಿಸಿದ ಬೇವು

2017ರ ಜೂನ್ 5ರಂದು ರಾಯಚೂರಿನ ನಮ್ಮ ಬಡಾವಣೆಯಲ್ಲಿ 120 ಸಸಿ ಹಚ್ಚಿದೆವು. ಮುಂದಿನ ಯುಗಾದಿಗೆ ಎಣಿಸಿದರೆ ಉಳಿದದ್ದು ಒಂಬತ್ತು. ಅವುಗಳಲ್ಲೂ ಎರಡಕ್ಕೆ ಆಡು ಬಾಯಿ ಹಾಕಿ ಮೋಟು ಮಾಡಿದ್ದವು. ಫೋಟೊ ಮಾತ್ರ ಭಾಳ ಚಲೋ ಬಂದಿತ್ತು. ಹನ್ನೊಂದು ಮಂದಿ ಒಂದೇ ಸಸಿಗೆ ಕೈ ಹಚ್ಚಿ ನಿಂತಿದ್ದೆವು, ನಾನೂ ಇದ್ದೆ.

ನಾನು ಶಕ್ತಿನಗರದ ಶಾಖೋತ್ಪನ್ನ ಸ್ಥಾವರದಲ್ಲಿ ದುಡಿಮೆಯ ಬದುಕಿನ ಮುಕ್ಕಾಲು ಭಾಗ ಕಲ್ಲಿದ್ದಲು ಸುಟ್ಟವನು. ನಿವೃತ್ತಿಯಾದ ಮೇಲೆ ಗಿಡದ ಹುಚ್ಚು ಹಿಡಿದದ್ದಕ್ಕೆ ಮನೆಯಲ್ಲಿ ‘ಪಾಪ ತೊಳ್ಕೊಳ್ಳಾಕತ್ಯಾರ’ ಎಂದು ನಗುತ್ತಾರೆ. ಇರಬಹುದು. ಆ ಲೆಕ್ಕಕ್ಕೆ ಆಮೇಲೆ ಬರುತ್ತೇನೆ.

ಸಸಿ ಸತ್ತ ಕಾರಣ ತಿಳಿಸಿದವರು ತಳ್ಳುಗಾಡಿಯಲ್ಲಿ ಕಾಯಿಪಲ್ಯ ಮಾರುವ ಒಬ್ಬ ಅವ್ವ. ಒಣಗಿದ ಗುಲ್‌ಮೊಹರ್ ಸಸಿಯೊಂದನ್ನು ನಾನು ಕೀಳುತ್ತಿದ್ದಾಗ ಗಾಡಿ ನಿಲ್ಲಿಸಿ ಹೇಳಿದರು: ‘ತಮ್ಮಾ, ಎರಿ ನೆಲದಾಗ ಗೇಣುದ್ದ ಗುಂಡಿ ತೋಡಿ ಗಿಡ ಹಚ್ಚಿದ್ರ ಬದುಕ್ತದೇನು? ಬ್ಯಾಸಿಗ್ಯಾಗ ನೆಲ ಬಾಯಿ ಬಿಡ್ತದ, ಬೇರು ಹರೀತದ. ಅದೂ ಅಲ್ದ ಮಿರಗದ ಮಳಿ ಬರೂಕಿಂತ ಮೊದಲ ಹಚ್ಚೀರಿ!’

ಎರಡೂ ಮಾತು ನಿಜ. ನಮ್ಮ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಮೊಣಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಎಳೆ ಬೇರು ಆ ಎಳೆದಾಟಕ್ಕೆ ಸಿಕ್ಕಿ ತುಂಡಾಗುತ್ತದೆ. ಬದುಕಿದ್ದನ್ನು ಸೆಪ್ಟೆಂಬರ್ ಮಳೆಯಲ್ಲಿ ಗುಂಡಿಯಲ್ಲಿ ನಿಂತ ನೀರು ಕೊಳೆಸುತ್ತದೆ. ಇನ್ನು ಜೂನ್ 5 ವಿಶ್ವ ಪರಿಸರ ದಿನ, ಒಪ್ಪುತ್ತೇನೆ. ಆದರೆ ಅದು ರೋಹಿಣಿ ಮಳೆಯ ಕೊನೆ, ಮಿರಗ ಅಂದರೆ ಮೃಗಶಿರಾ ಮಳೆ ಇನ್ನೂ ಹುಟ್ಟಿರುವುದಿಲ್ಲ. ರೋಹಿಣಿಯನ್ನು ನಂಬಿ ನಮ್ಮ ಕಡೆಯ ಯಾವ ರೈತನೂ ಬೀಜ ಚೆಲ್ಲುವುದಿಲ್ಲ. ಆ ದಿನಾಂಕ ಭಾಷಣಕ್ಕೆ ಸರಿ, ಸಸಿಗಲ್ಲ.

ಎರಡನೆಯ ವರ್ಷ ರಸ್ತೆ ಬದಿ ಬಿಟ್ಟು ಬಡಾವಣೆಯ ಉದ್ಯಾನದ ಜಾಗಕ್ಕೆ ಬಂದೆವು. ನಕ್ಷೆಯಲ್ಲಿ ಉದ್ಯಾನ, ನೆಲದ ಮೇಲೆ ಬಳ್ಳಾರಿ ಜಾಲಿ ಮತ್ತು ಕಸದ ಗುಡ್ಡೆ. ಸುಮಾರು 11 ಗುಂಟೆ. ಅಲ್ಲಿ ಗುಡಿ ಕಟ್ಟಬೇಕೆಂದು ಕೆಲವರು, ಸಮುದಾಯ ಭವನ ಎಂದು ಕೆಲವರು. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ರಕ್ಷಣೆಗೆ 1985ರ ಕಾಯ್ದೆಯೇ ಇದೆ, ಉದ್ಯಾನವೆಂದು ಗೊತ್ತುಮಾಡಿದ ಜಾಗವನ್ನು ಬೇರೆ ಕೆಲಸಕ್ಕೆ ತಿರುಗಿಸುವಂತಿಲ್ಲ. ಆ ಕಾಯ್ದೆಯ ಪ್ರತಿಯನ್ನು ಕಿಸೆಯಲ್ಲಿಟ್ಟುಕೊಂಡು ಮೂರು ತಿಂಗಳು ತಿರುಗಿದೆ. ಕೊನೆಗೆ ಗಿಡ ಬೆಳೆಸಿ ನಿರ್ವಹಿಸಲು ಲಿಖಿತ ಒಪ್ಪಿಗೆ ಸಿಕ್ಕಿತು. ಜಾಗ ನಮ್ಮದಲ್ಲ, ಬೀಗ ಹಾಕುವಂತಿಲ್ಲ, ಬೆಳೆದದ್ದನ್ನು ಮಾರುವಂತಿಲ್ಲ. ಈ ಕಾಗದವಿಲ್ಲದೆ ಯಾರೂ ಸನಿಕೆ ಎತ್ತಬೇಡಿ. ಮೂರು ವರ್ಷ ಬೆಳೆಸಿದ ಗಿಡ ಒಂದು ಬೆಳಿಗ್ಗೆ ಜೆಸಿಬಿಯ ಬಾಯಿಗೆ ಹೋದದ್ದನ್ನು ಪಕ್ಕದ ಬಡಾವಣೆಯಲ್ಲಿ ನೋಡಿದ್ದೇನೆ.

ಬಳ್ಳಾರಿ ಜಾಲಿಯದ್ದೇ ಒಂದು ದೊಡ್ಡ ಕಥೆ. ದೂರದ ಅಮೆರಿಕ ಖಂಡದಿಂದ ಬಂದ ಗಿಡಕ್ಕೆ ನಮ್ಮ ನೆರೆಯ ಜಿಲ್ಲೆಯ ಹೆಸರು ಅಂಟಿಕೊಂಡಿದೆ. ದಸರೆಯಲ್ಲಿ ನಾವು ಬಂಗಾರವೆಂದು ಹಂಚುವ ಬನ್ನಿಗೂ ಇದಕ್ಕೂ ಸಸ್ಯಶಾಸ್ತ್ರದಲ್ಲಿ ನೆಂಟಸ್ತಿಕೆ ಇದೆ ಎಂದರೆ ನಮ್ಮ ಓಣಿಯಲ್ಲಿ ಯಾರೂ ನಂಬಲಿಲ್ಲ. 1976ರ ಮರ ಸಂರಕ್ಷಣೆ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡವೆಂದು ಬಿಟ್ಟ ಜಾತಿಗಳಲ್ಲಿ ಬಳ್ಳಾರಿ ಜಾಲಿಯೂ ಸೇರಿದೆ, ಹಾಗಾಗಿ ಅರ್ಜಿ ಬರೆಯುವ ಕೆಲಸ ಉಳಿಯಿತು. ಆದರೆ ಕಡಿದರೆ ಅದು ಸಾಯುವುದಿಲ್ಲ, ಬುಡದಿಂದ ನಾಲ್ಕಾಗಿ ಚಿಗುರುತ್ತದೆ. ನೆಲದೊಳಗೆ ಒಂದು ಅಡಿಯವರೆಗೆ ಬುಡದ ಗಡ್ಡೆಯನ್ನೇ ಎಬ್ಬಿಸಬೇಕು. ಜೆಸಿಬಿ ಒಂದೂವರೆ ದಿನ ತೋಡಿತು, ಕಟ್ಟಿಗೆ ಮಾರಿದ ದುಡ್ಡಿನಲ್ಲಿ ಅದರ ಅರ್ಧ ಬಾಡಿಗೆ ಹುಟ್ಟಿತು. ಮುಳ್ಳು ಕಂಟಿಯನ್ನು ಸುತ್ತಲೂ ಬೇಲಿಗೆ ಒಟ್ಟಿದೆವು. ಆಡು, ಹಂದಿ ಎರಡಕ್ಕೂ ಅದರಂಥ ಮದ್ದಿಲ್ಲ. ಅಳಿದುಳಿದ ಬೇರಿನ ಚಿಗುರು ಕೀಳುತ್ತ ಎರಡು ಮಳೆಗಾಲ ಕಳೆದವು.

ಈ ಸಲ ಗುಂಡಿ ಮೂರಡಿ ಉದ್ದ, ಅಗಲ, ಆಳ. ತೆಗೆದ ಎರೆ ಮಣ್ಣಿನಲ್ಲಿ ಅರ್ಧ ಮಾತ್ರ ಗುಂಡಿಗೆ ಮರಳಿತು. ಉಳಿದರ್ಧಕ್ಕೆ ಮಸಾರಿ ಅಂದರೆ ಕೆಂಪು ಮಣ್ಣು, ಒಂದು ಪುಟ್ಟಿ ಕೊಳೆತ ತಿಪ್ಪೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಸಸಿಯನ್ನು ಗುಂಡಿಯೊಳಗೆ ತಗ್ಗಿಸಿ ಕೂರಿಸದೆ ನೆಲಕ್ಕಿಂತ ಒಂದು ಗೇಣು ಎತ್ತರದ ದಿಬ್ಬದ ಮೇಲೆ ಕೂರಿಸಿದೆವು. ನರ್ಸರಿಯಿಂದ ದೊಡ್ಡ ಚೀಲದ, ಆಳೆತ್ತರದ ಸಸಿ ತಂದೆವು: ಬೇವು, ಹೊಂಗೆ, ಬಾಗೆ, ನೇರಳೆ, ಮೂಲೆಗೆ ಹುಣಸೆ, ನಡುವೆ ಒಂದು ಬನ್ನಿ. ಒಟ್ಟು 64. ಹಚ್ಚಿದ್ದು ಆರಿದ್ರಾ ಮಳೆಯಲ್ಲಿ, ಎರಡು ಹದ ಮಳೆ ಬಿದ್ದ ಮೇಲೆ. ಬೇಗ ಬೆಳೆದು ಹಸಿರಾಗಿ ಕಾಣುತ್ತದೆಂದು ಕೋನೊಕಾರ್ಪಸ್ ಎಂಬ ಹೊರದೇಶದ ಗಿಡ ಹಚ್ಚಲು ಒಬ್ಬರು ಹಟ ಹಿಡಿದಿದ್ದರು, ಬೇಡವೆಂದೆವು. 2023ರಲ್ಲಿ ಗುಜರಾತ್ ಸರ್ಕಾರ ಅದನ್ನು ನಿಷೇಧಿಸಿದಾಗ ನನಗಾದ ಖುಷಿ ಸಣ್ಣದಲ್ಲ.

ನೀರಿನದೇ ಚಿಂತೆ. ಅತ್ತ ಕೃಷ್ಣೆ, ಇತ್ತ ತುಂಗಭದ್ರೆ, ನಡುವೆ ಕೂತ ನಮಗೆ ನಳದ ನೀರು ದಿನಾ ಬರುವುದಿಲ್ಲ. ಬೋರಿನ ನೀರು ಸವಳು, ಹಾಕಿದ ಜಾಗದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಬುಡಕ್ಕೊಂದು ಮಣ್ಣಿನ ಗಡಿಗೆ ಹೂತು ತುಂಬಿಸುವ ಹಳೇ ಉಪಾಯ ಮಾಡಿದೆವು. ದುಡ್ಡು ಉಳಿಸಲು ಹಿಂದಿನ ಬೇಸಿಗೆಯ ಗಡಿಗೆಗಳನ್ನು ಮನೆಮನೆಯಿಂದ ಕೂಡಿಸಿದೆ. ಹೂತು ನಾಲ್ಕು ದಿನವಾದರೂ ನೀರು ಒಂದು ಬೆರಳು ಇಳಿಯಲಿಲ್ಲ! ನೀರು ತಣ್ಣಗಾಗುತ್ತಿಲ್ಲವೆಂದೇ ಜನ ಅವನ್ನು ಬಿಟ್ಟಿದ್ದು. ಸವಳಿಗೆ ಸಣ್ಣ ರಂಧ್ರ ಕಟ್ಟಿಕೊಂಡಿದ್ದರಿಂದ ಜಿನುಗುವುದೂ ನಿಂತಿತ್ತು. ಸ್ಥಾವರದಲ್ಲಿ ಬಾಯ್ಲರ್ ಕೊಳವೆಗೆ ಉಪ್ಪು ಕಟ್ಟುವುದನ್ನು ಅಷ್ಟು ವರ್ಷ ನೋಡಿದ ನನಗೇ ಇದು ಹೊಳೆಯಲಿಲ್ಲ. ತಳಕ್ಕೆ ತೂತು ಕೊರೆದು ಹತ್ತಿ ಬತ್ತಿ ಹಾಕಿದೆವು, ಹತ್ತಿಗೇನು ಬರ ನಮ್ಮೂರಲ್ಲಿ. ಒಂದು ತುಂಬು ಗಡಿಗೆ ಮೂರು ದಿನ ಬಂತು.

ಆದರೆ ಮೂರು ದಿನಕ್ಕೊಮ್ಮೆ 64 ಗಡಿಗೆ ತುಂಬುವವರು ಯಾರು? ಮೊದಲ ತಿಂಗಳು ಹತ್ತು ಮಂದಿ, ದೀಪಾವಳಿಗೆ ನಾಲ್ವರು, ಜನವರಿಗೆ ನಾನು ಮತ್ತು ನನ್ನ ಬೆನ್ನುನೋವು. ಪರಿಸರ ಉಳಿಸೋಣ ಎಂದು ಮನೆಮನೆಗೆ ಹೋದೆ. ಕೂರಿಸಿ ಚಹಾ ಕೊಟ್ಟರು, ಬರಲಿಲ್ಲ.

ಮತ್ತೆ ಅದೇ ಅವ್ವ. ‘ಗಿಡದ ನಡುವ ಇಷ್ಟು ನೆಲ ಬಿದ್ದದ. ನನಗ ಒಂದು ಮಡಿ ಕೊಡು, ಪುಂಡಿ ಬಿತ್ತತೀನಿ. ದಿನಾ ಬರಾಕಿ ನಾ, ನಿನ್ನ ಗಿಡಕ್ಕೂ ಒಂದು ಕೊಡ ಹಾಕಿದ್ರಾತು.’

ಅಲ್ಲಿಂದ ಕೆಲಸದ ರೀತಿಯೇ ಬದಲಾಯಿತು. ನಾಲ್ಕಡಿ ಅಗಲ, ಹತ್ತಡಿ ಉದ್ದದ 22 ಮಡಿ ಮಾಡಿದೆವು. ಮನೆಗೊಂದು ಮಡಿ, ಮಡಿಗೆ ಹೆಚ್ಚೂಕಡಿಮೆ ಮೂರು ಗಿಡ. ಗಿಡ ಒಣಗಿದರೆ ಮಡಿ ಬೇರೆಯವರಿಗೆ, ಇದೊಂದೇ ಕರಾರು. ಸ್ವಂತ ಮನೆಯವರಿಗಿಂತ ಬಾಡಿಗೆಯವರು, ಕಟ್ಟಡ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿರುವವರು ಮೊದಲು ಬಂದರು. ಅಕ್ಕಿ ತೊಳೆದ ನೀರು, ಶುದ್ಧೀಕರಣ ಯಂತ್ರ ಹೊರಗೆ ಬಿಡುವ ನೀರು, ಏನು ಸಿಕ್ಕಿತೋ ಅದು ಕೊಡದಲ್ಲಿ ಬಂತು. ಮೂರು ಮಡಿಗಳ ಜಾಗದಲ್ಲಿ ಹಿಂದೆ ಹಳೇ ಬ್ಯಾಟರಿ, ಸುಟ್ಟ ವೈರಿನ ಬೂದಿ ಸುರಿಯುತ್ತಿದ್ದರು. ಅಲ್ಲಿ ಸೊಪ್ಪು ಬೆಳೆದು ತಿನ್ನುವುದು ಬೇಡವೆಂದು ಹೊಂಗೆಗೆ ಬಿಟ್ಟೆವು. ಸೀಸ ಕಣ್ಣಿಗೆ ಕಾಣುವುದಿಲ್ಲ. ಕಸದ ಜಾಗದಲ್ಲಿ ತೋಟ ಮಾಡುವವರು ಮೊದಲು ಹಳಬರನ್ನು ಕೇಳಿ, ಅಲ್ಲಿ ಏನೇನು ಸುರಿದಿದ್ದರು ಎಂದು. ಆಮೇಲೆ ಮಣ್ಣಿನ ಪರೀಕ್ಷೆ.

ಪುಂಡಿ ಕ್ಷಾರ ಮಣ್ಣಿಗೂ ಸೊಪ್ಪು ಹಾಕಲಿಲ್ಲ, ತಾನೇ ಸೊಪ್ಪಾಗಿ ನಿಂತಿತು. ರಾಜಗಿರಿ, ಬೆಂಡಿ, ಹೀರಿ, ಚವಳಿ ಬಂದವು. ಮೆಂತ್ಯ, ಕೊತ್ತಂಬರಿ ಚಳಿಗಾಲಕ್ಕೆ ಮಾತ್ರ, ಮಾರ್ಚ್ ದಾಟಿದರೆ ಸುಟ್ಟೇ ಹೋಗುತ್ತವೆ. ಬದನೆಕಾಯಿ ಕಳವಾದವು, ಕದ್ದವರು ಯಾರೆಂದು ಎಲ್ಲರಿಗೂ ಗೊತ್ತು, ಯಾರೂ ಹೇಳಲಿಲ್ಲ. ಹುಲ್ಲು, ಶೇಂಗಾ ಹೊಟ್ಟಿನ ಹೊದಿಕೆಯನ್ನು ಕಾಂಡಕ್ಕೆ ಒತ್ತಿ ಹಾಕಿದ್ದು ನನ್ನದೇ ತಪ್ಪು. ಗೆದ್ದಲು ಹತ್ತಿ ನಾಲ್ಕು ಗಿಡ ಹೋದವು. ಈಗ ಕಾಂಡದಿಂದ ನಾಲ್ಕು ಬೆರಳು ಬಿಟ್ಟೇ ಹೊದಿಸುತ್ತೇವೆ. 2020ರ ಲಾಕ್‌ಡೌನ್ ಬೇಸಿಗೆಯಲ್ಲಿ ಸಂತೆ ಇಲ್ಲ, ಎಲ್ಲರೂ ಮನೆಯಲ್ಲಿ. ಮಡಿಗೆ ದಿನಕ್ಕೆರಡು ಸಲ ನೀರು, ಗಿಡಕ್ಕೂ ಹಾಗೆಯೇ. ಅವು ನಿಜವಾಗಿ ಎತ್ತರಕ್ಕೆ ಎದ್ದದ್ದು ಆ ಬೇಸಿಗೆಯಲ್ಲೇ. ಮುಂದೊಂದು ಮಳೆಗಾಲದಲ್ಲಿ ಬೇವಿನ ತುದಿಗಳೆಲ್ಲ ಕರಕಲಾದಾಗ ಕಡಿಯೋಣ ಎಂದವರಿದ್ದರು. ತುದಿ ಒಣಗುವ ಈ ರೋಗದಲ್ಲಿ ಬೇವು ಹೆಚ್ಚಾಗಿ ಮತ್ತೆ ಚಿಗುರುತ್ತದೆ. ಕಾದೆವು, ಫಾಲ್ಗುಣಕ್ಕೆ ಚಿಗುರಿದವು.

ಇನ್ನು ಲೆಕ್ಕ. 2030ರೊಳಗೆ ಮರಗಳ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹಿಡಿದಿಡುವ ಸಾಮರ್ಥ್ಯ ಹೆಚ್ಚಿಸುತ್ತೇವೆಂದು ಭಾರತ ಜಗತ್ತಿಗೆ ಮಾತು ಕೊಟ್ಟಿದೆ. ನಮ್ಮ ಪಾಲು ಎಷ್ಟೆಂದು ಈ ವರ್ಷ ಎದೆಯೆತ್ತರದಲ್ಲಿ ಟೇಪು ಸುತ್ತಿ ಅಳೆದೆ. ಬದುಕಿರುವುದು 58. ಸರಾಸರಿ ಸುತ್ತಳತೆ 45 ಸೆಂಟಿಮೀಟರ್, ಅಂದರೆ ಅಂದಾಜು 70 ಕಿಲೋ ಒಣ ತೂಕ. ಅದರಲ್ಲಿ ಅರ್ಧ ಇಂಗಾಲ; ಅದನ್ನು 3.67ರಿಂದ ಗುಣಿಸಿದರೆ ಗಾಳಿಯಿಂದ ಎಳೆದ ಡೈಆಕ್ಸೈಡ್. 58 ಗಿಡ ಸೇರಿ ಏಳೂವರೆ ಟನ್‌ಗೆ ಹತ್ತಿರ. ನನ್ನ ಹಳೇ ಸ್ಥಾವರದ 210 ಮೆಗಾವಾಟಿನ ಒಂದು ಘಟಕ ಪೂರ್ಣ ಹೊರೆಯಲ್ಲಿ ಓಡಿದರೆ ಗಂಟೆಗೆ 2,10,000 ಯೂನಿಟ್. ಯೂನಿಟ್ಟಿಗೆ ಹೆಚ್ಚೂಕಡಿಮೆ ಒಂದು ಕಿಲೋ ಡೈಆಕ್ಸೈಡ್. ಏಳು ವರ್ಷದ ನಮ್ಮ ಕಾಡು ಆ ಚಿಮಣಿಯ ಎರಡು ನಿಮಿಷದ ಹೊಗೆಗೆ ಸಮ. ಮನೆಯವಳಿಗೆ ಹೇಳಿದೆ. ‘ಇನ್ನೆಷ್ಟು ಜನ್ಮ ಬೇಕು ಹಂಗಾದ್ರ?’ ಎಂದಳು.

ಹೀಗಾಗಿ ಇಂಗಾಲದ ಹೆಸರಲ್ಲಿ ಸಸಿ ಎಣಿಸುವವರ ಮುಂದೆ ನಾನು ಈಗ ಬಾಯಿ ಬಿಡುವುದಿಲ್ಲ. ಆದರೆ ಮೇ ತಿಂಗಳ ಮಧ್ಯಾಹ್ನ ಮೂರಕ್ಕೆ ರಸ್ತೆಯ ಡಾಂಬರಿಗೆ ತಾಪಮಾಪಕ ಹಿಡಿದರೆ 62 ಡಿಗ್ರಿ, ಬೇವಿನ ಬುಡದ ಮಣ್ಣಿಗೆ ಹಿಡಿದರೆ 39. ಆ ಹೊತ್ತಿಗೆ ತಳ್ಳುಗಾಡಿಗಳೆಲ್ಲ ಅಲ್ಲೇ ನಿಂತಿರುತ್ತವೆ.

ಹೊಸ ತಕರಾರು ನೆರಳಿನದೇ. ಬೇವಿನ ಕೊಂಬೆ ಹರಡಿ 22ರಲ್ಲಿ ಒಂಬತ್ತು ಮಡಿಗೆ ಬಿಸಿಲಿಲ್ಲ. ಕೊಂಬೆ ಸವರಬೇಕೆಂದು ಕೆಲವರು, ಮುಟ್ಟಬೇಡಿ ಎಂದು ಕೆಲವರು. ಕೆಳಗಿನ ಕೊಂಬೆಗಳನ್ನಷ್ಟೇ ತೆಗೆದೆವು, ಸಾಲಲಿಲ್ಲ. ಹೆಚ್ಚು ಸಿಟ್ಟಾದವರು ಅವ್ವ. ‘ನೀರು ಹಾಕಿ ಬೆಳಿಸಿದಾಕಿ ನಾ, ಈಗ ನನ್ನ ಮಡೀನ ನುಂಗ್ಯಾವ.’

ಪಕ್ಕದ ಖಾಲಿ ನಿವೇಶನದ ಮಾಲೀಕರು ಹೈದರಾಬಾದಿನಲ್ಲಿದ್ದಾರೆ. ಫೋನು ಮಾಡಿದೆ. ಮನೆ ಕಟ್ಟುವವರೆಗೆ ಜಾಲಿ ತೆಗೆದು ಕಾಯಿಪಲ್ಯ ಬೆಳೆಯಲು ಒಪ್ಪಿದರು. ‘ಆದ್ರ ಗಿಡ ಮಾತ್ರ ಹಚ್ಚಬ್ಯಾಡ್ರಿ ಸಾರ್, ಆಮ್ಯಾಲ ಕಡಿಯಾಕ ಪರ್ಮಿಷನ್ ಅಂತ ಅಲೆದಾಡಬೇಕಾಗ್ತದ’ ಎಂದರು. ಒಂಬತ್ತು ಮನೆಯವರಿಗೂ ಮಾತು ಮುಟ್ಟಿಸಿದೆ.

ಕಳೆದ ವಾರ ಹೋಗಿ ನೋಡಿದರೆ ಅವ್ವನ ಹೊಸ ಮಡಿಯ ಮೂಲೆಯಲ್ಲಿ ಮೊಣಕಾಲೆತ್ತರದ ನುಗ್ಗೆ ನಿಂತಿದೆ. ಯವ್ವಾ, ಗಿಡ ಬ್ಯಾಡ ಅಂದಿದ್ನಲ್ಲ ಎಂದೆ.

‘ಇದು ಗಿಡ ಯಾಕಾಗ್ತದ ತಮ್ಮಾ,’ ಎಂದರು, ‘ಪಲ್ಯ.’