ವಹಿಗೊಂದು ಕಪ್ಪು, ಚೀಟಿಗೊಂದು ಕಪ್ಪು

ಕಪ್ಪು ಶಾಯಿಯಲ್ಲಿ ಆಯ್ಕೆ ಮಾಡುವುದಕ್ಕೇನಿದೆ, ಕಪ್ಪು ಕಪ್ಪೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ನಾನು ವಾದಕ್ಕೆ ಇಳಿಯುವುದಿಲ್ಲ. ತರಗತಿಯಿಂದ ಒಂದು ಸೀಮೆಸುಣ್ಣ ತಂದು, ಬುಡದಿಂದ ಒಂದು ಬೆರಳಿನಷ್ಟು ಮೇಲೆ ಶಾಯಿಯ ಉಂಗುರ ಎಳೆದು, ತಳ ಮುಳುಗುವಷ್ಟೇ ನೀರಿರುವ ತಟ್ಟೆಯಲ್ಲಿ ನಿಲ್ಲಿಸುತ್ತೇನೆ. ನೀರು ಸುಣ್ಣದೊಳಗೆ ಏರಿದಂತೆ ಉಂಗುರ ಬಿಚ್ಚಿಕೊಳ್ಳುತ್ತದೆ. ಒಂದು ಶಾಯಿಯಿಂದ ನೀಲಿ, ಇನ್ನೊಂದರಿಂದ ನೇರಳೆ, ಮತ್ತೊಂದರ ತುದಿಯಲ್ಲಿ ಹಳದಿ. ಮಾಮೂಲಿ ಕಪ್ಪು ಶಾಯಿ ಎಂದರೆ ಹಲವು ಬಣ್ಣಗಳನ್ನು ನೀರಿನಲ್ಲಿ ಕರಗಿಸಿ ಮಾಡಿದ ಮಿಶ್ರಣ. ಪಾರ್ಕರ್ ಕ್ವಿಂಕ್‌ನ ಕಪ್ಪಿನ ಮೇಲೆ ನೀರು ಆಡಿಸಿದರೆ ನೀಲಿ ಹೊರಬರುವುದನ್ನು ಚಿತ್ರಕಾರರು ತಮ್ಮ ಕೆಲಸಕ್ಕೇ ಬಳಸಿಕೊಳ್ಳುತ್ತಾರೆ. ಇದೇ ತಟ್ಟೆಯಲ್ಲಿ ಪ್ಲಾಟಿನಂ ಕಂಪನಿಯ ಕಾರ್ಬನ್ ಬ್ಲಾಕ್ ಶಾಯಿ ಹಚ್ಚಿದ ಸೀಮೆಸುಣ್ಣ ನಿಲ್ಲಿಸಿದರೆ ನೀರು ಉಂಗುರವನ್ನು ದಾಟಿ ಮೇಲಕ್ಕೆ ಹೋಗುತ್ತದೆ, ಉಂಗುರ ಇದ್ದಲ್ಲೇ ಇರುತ್ತದೆ. ಅದರಲ್ಲಿರುವುದು ಕರಗಿದ ಬಣ್ಣವಲ್ಲ, ನೀರಿನಲ್ಲಿ ತೇಲುವ ಇಂಗಾಲದ ಅತಿ ಸಣ್ಣ ಕಣಗಳು. ಅಂದರೆ ಕಾಡಿಗೆಯ ಜಾತಿಯದೇ ವಸ್ತು.

ನನಗೆ ಈ ತಲೆಹರಟೆ ಯಾಕೆ ಬೇಕಾಯಿತೆಂದರೆ, ಮಲೆನಾಡಿನ ಒಂದು ಪ್ರೌಢಶಾಲೆಯಲ್ಲಿ ದಾಖಲಾತಿ ವಹಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಈಗ ಎಲ್ಲವೂ ಕಂಪ್ಯೂಟರಿನಲ್ಲಿ ಇದ್ದರೂ ವಹಿ ನಿಂತಿಲ್ಲ. ಮೂವತ್ತು ವರ್ಷದ ಹಿಂದೆ ಓದಿದವರು ಜನ್ಮದಿನಾಂಕಕ್ಕೋ ವ್ಯಾಸಂಗ ಪ್ರಮಾಣಪತ್ರಕ್ಕೋ ಬಂದರೆ ತೆರೆಯುವುದು ಅದೇ ದಪ್ಪ ಪುಸ್ತಕವನ್ನು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗೋಡೆಯೇ ಬೆವರುತ್ತದೆ. ಹೆಂಚು ಜರುಗಿದರೆ ಕಪಾಟಿನ ಮೇಲೆ ಹನಿ ಬೀಳುತ್ತದೆ. ಆದ್ದರಿಂದ ನನ್ನ ಮಟ್ಟಿಗೆ ಒಳ್ಳೆಯ ಕಪ್ಪು ಅಂದರೆ ಅತಿ ಗಾಢವಾದ ಕಪ್ಪಲ್ಲ. ನೀರು ಬಿದ್ದ ಮೇಲೂ ಹೆಸರು ಓದಲು ಬರಬೇಕು, ಅಷ್ಟೇ.

ಆದರೆ ನೀರಿಗೂ ಮೊದಲು ಕಾಗದವನ್ನು ನೋಡಬೇಕು. ವಹಿಯ ಕಾಗದವನ್ನು ಶಾಯಿ ಪೆನ್ನಿಗೆಂದು ಯಾರೂ ತಯಾರಿಸುವುದಿಲ್ಲ. ಮಳೆಗಾಲದಲ್ಲಿ ಅದು ತೇವ ಹೀರಿ ಮೆತ್ತಗಾಗಿರುತ್ತದೆ. ಗೆರೆ ಎಳೆದರೆ ಅಂಚಿನಲ್ಲಿ ಬೇರು ಬಿಟ್ಟಂತೆ ಹರಡುತ್ತದೆ. ಇಂಗ್ಲಿಷ್ ಬರೆಯುವವರಿಗೆ ಇದು ಅಂದದ ಪ್ರಶ್ನೆ, ಕನ್ನಡ ಬರೆಯುವವರಿಗೆ ಅರ್ಥದ ಪ್ರಶ್ನೆ. ದ ಮತ್ತು ಧ, ಡ ಮತ್ತು ಢ, ಬ ಮತ್ತು ಭ, ಪ ಮತ್ತು ಫ ಇವುಗಳ ನಡುವಿನ ಅಂತರ ಬುಡದಲ್ಲಿರುವ ಒಂದು ಸಣ್ಣ ಸೀಳು ಮಾತ್ರ. ಶಾಯಿ ಹರಡಿ ಆ ಸೀಳು ತುಂಬಿಕೊಂಡರೆ ಧನಂಜಯ ಯಾವನು, ದನಂಜಯ ಯಾವನು ಎಂದು ಮುಂದೊಬ್ಬ ಗುಮಾಸ್ತ ಕಣ್ಣು ಕಿರಿದು ಮಾಡಿ ಕೂರಬೇಕಾಗುತ್ತದೆ. ಹೀಗಾಗಿ ಹೊಸ ಶಾಯಿ ಬಂದಾಗ ನಾನು ವಹಿಯ ಕೊನೆಯ ಖಾಲಿ ಹಾಳೆಯಲ್ಲಿ ಮೊದಲು ಬರೆಯುವುದು ‘ಧನಂಜಯ, ಭದ್ರಪ್ಪ, ಲಕ್ಷ್ಮೀ, ರಾಷ್ಟ್ರ’ ಎಂದು. ಮೊದಲೆರಡರಲ್ಲಿ ಸೀಳು ತೆರೆದಿರಬೇಕು. ಕೊನೆಯೆರಡರಲ್ಲಿ ಒತ್ತಕ್ಷರಗಳು ಒಂದರೊಳಗೊಂದು ಸೇರಿ ಮುದ್ದೆಯಾಗಬಾರದು. ಹಾಳೆ ತಿರುಗಿಸಿ ಹಿಂಬದಿಗೆ ಚುಕ್ಕೆ ಇಳಿದಿದೆಯೇ ನೋಡುತ್ತೇನೆ. ಇಳಿದಿದ್ದರೆ ಆ ಶಾಯಿಗೆ ಅಲ್ಲಿಗೇ ನಮಸ್ಕಾರ.

ಈ ಪರೀಕ್ಷೆಯಲ್ಲಿ ಪೆಲಿಕನ್ 4001 ಬ್ರಿಲಿಯಂಟ್ ಬ್ಲಾಕ್ ಚೆನ್ನಾಗಿ ನಿಂತಿತು. ಅದರ ಹರಿವು ಬಿಗಿ. ನಿಬ್ಬಿನಿಂದ ಹಿಡಿದು ಹಿಡಿದು ಇಳಿಯುವುದರಿಂದ ಅಗ್ಗದ ಕಾಗದದಲ್ಲೂ ಗೆರೆ ಗೆರೆಯಾಗಿಯೇ ಉಳಿಯುತ್ತದೆ. ಡ್ರಾಪರಿನಿಂದ ನೇರವಾಗಿ ಕೊಳವೆಗೆ ತುಂಬುವ ನನ್ನ ಎಬೊನೈಟ್ (ಗಟ್ಟಿ ರಬ್ಬರಿನ) ಪೆನ್ನು ಧಾರಾಳವಾಗಿ ಕಾರುವಂಥದ್ದು. ಶಾಯಿ ಅರ್ಧಕ್ಕಿಂತ ಕೆಳಗಿಳಿದಾಗ ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಒಂದು ತೊಟ್ಟು ಉದುರಿಸುವ ಅಭ್ಯಾಸವೂ ಅದಕ್ಕಿದೆ. ಅಂಥ ಪೆನ್ನಿಗೆ ಬಿಗಿ ಶಾಯಿ ಒಳ್ಳೆಯ ಜೋಡಿ. ಇಟಲಿಯ ಅರೋರಾ ಬ್ಲಾಕ್ ಇದಕ್ಕೆ ಪೂರ್ತಿ ವಿರುದ್ಧ: ಗಾಢವಾದ, ಎಣ್ಣೆ ಹಚ್ಚಿದಂತೆ ಜಾರುವ ಕಪ್ಪು. ಒಳ್ಳೆಯ ಕಾಗದದ ಮೇಲೆ, ಸಣ್ಣ ಮೊನೆಯ, ಸ್ವಲ್ಪ ಬಿಗಿಯಾಗಿ ಹರಿವ ಪೆನ್ನಿನಲ್ಲಿ ಅದನ್ನು ಹಾಕಿ ಕಾಗದ ಬರೆಯುವ ಸುಖವೇ ಬೇರೆ. ವಹಿಗೆ ಬೇಡ. ಪೆನ್ನು ಕಾರುವಂಥದ್ದೋ ಬಿಗಿಯೋ ಎಂದು ತಿಳಿಯದೆ ಶಾಯಿಯನ್ನು ಹೊಗಳುವುದಾಗಲಿ ಬೈಯುವುದಾಗಲಿ ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆಮೇಲೆ ನೀರು. ಬರೆದು ಒಂದು ದಿನ ಬಿಟ್ಟು, ಅಕ್ಷರದ ಮೇಲೆ ಒಂದು ಹನಿ ಹಾಕಿ, ಹತ್ತು ನಿಮಿಷ ತಾಳಿ, ಒತ್ತುಕಾಗದದಿಂದ ಒತ್ತಿ ತೆಗೆಯುತ್ತೇನೆ. ಉಜ್ಜುವುದಿಲ್ಲ, ಮಳೆ ಉಜ್ಜುವುದಿಲ್ಲವಲ್ಲ. ಬಣ್ಣ ಕರಗಿದ ಶಾಯಿಗಳಲ್ಲಿ ಹೆಚ್ಚಿನವು ಇಲ್ಲಿ ಸೋಲುತ್ತವೆ, ಪೆಲಿಕನ್ ಕಪ್ಪೂ ಸೇರಿ. ಅಚ್ಚರಿಯೆಂದರೆ ಜಪಾನಿನ ಪೈಲಟ್ ಕಂಪನಿಯ ಮಾಮೂಲಿ ಕಪ್ಪು. ಅದೂ ಬಣ್ಣದ ಶಾಯಿಯೇ, ಆದರೂ ನೀರು ಒಂದಷ್ಟನ್ನು ಎತ್ತಿಕೊಂಡು ಹೋದ ಮೇಲೆ ಬೂದುಬಣ್ಣದ ಗೆರೆ ಉಳಿದು ಹೆಸರು ಓದಲು ಬರುತ್ತದೆ. ಮೆತ್ತಗಿನ ಕಾಗದದಲ್ಲಿ ತುಸು ಹರಡುತ್ತದೆ ಎಂಬುದೊಂದು ಕೊರತೆ. ದಿನನಿತ್ಯದ ಪಾಠ ಟಿಪ್ಪಣಿ, ರಜೆ ಚೀಟಿ, ಸುತ್ತೋಲೆಯ ಸಹಿ ಇವೆಲ್ಲಕ್ಕೂ ನಾನು ಬಳಸುವುದು ಇದನ್ನೇ. ಚೆಲ್‌ಪಾರ್ಕ್, ಬ್ರಿಲ್, ಕ್ಯಾಮ್ಲಿನ್ ಬಾಟಲಿಗಳ ಕಾಲದಲ್ಲಿ ಬೆಳೆದವನಿಗೆ ಜಪಾನಿನ ಶಾಯಿ ಕೊಳ್ಳುವಾಗ ಸ್ವಲ್ಪ ಮುಜುಗರವೇನೋ ಆಗುತ್ತದೆ. ಶಾಲೆಯ ಮಕ್ಕಳಿಗೆ ನಾನು ಈಗಲೂ ಹೇಳುವುದು ನಮ್ಮ ಶಾಯಿಯನ್ನೇ. ತೊಳೆದರೆ ಪೆನ್ನಿನಿಂದಲೂ ಅಂಗಿಯಿಂದಲೂ ಹೋಗುವ ಶಾಯಿ ಅವರಿಗೆ ಗುಣ, ದೋಷವಲ್ಲ.

ವಹಿಗೆ ಕೊನೆಗೆ ಉಳಿದದ್ದು ಎರಡು ದಾರಿ. ಒಂದು, ಅಜ್ಜಂದಿರ ದಾರಿ. ಅಣಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಬೆರೆಸಿ ಮಾಡುತ್ತಿದ್ದ ಮಸಿಯ ತತ್ತ್ವವೇ ಇಂದಿನ ಐರನ್ ಗಾಲ್ ಶಾಯಿಯದೂ. ಕಾಯಿಯ ಒಗರು ಕಬ್ಬಿಣದೊಂದಿಗೆ ಸೇರಿ, ಗಾಳಿ ತಾಗಿದ ಮೇಲೆ ಕಾಗದದ ನಾರಿನಲ್ಲೇ ಕಪ್ಪಾಗಿ ಕೂರುತ್ತದೆ. ಬರೆಯುವಾಗ ತಿಳಿಯಾಗಿದ್ದು ಹೊತ್ತು ಹೋದಂತೆ ಗಾಢವಾಗುವುದು ನೋಡಲು ಚೆಂದ. ಬ್ರಿಟನ್ನಿನಲ್ಲಿ ಜನನ, ವಿವಾಹದ ನೋಂದಣಿಗೆ ಬಹುಕಾಲ ಬಳಸಿದ ರಿಜಿಸ್ಟ್ರಾರ್ ಶಾಯಿ ಈ ಜಾತಿಯದು. ಆದರೆ ಇವುಗಳಲ್ಲಿ ಹೆಚ್ಚಿನವು ನೀಲಿಗಪ್ಪು. ಜೊತೆಗೆ ಹುಳಿ ಸ್ವಭಾವದವು, ಸ್ಟೀಲ್ ನಿಬ್ಬಿನಲ್ಲಿ ತಿಂಗಳುಗಟ್ಟಲೆ ಬಿಟ್ಟಿರಬಾರದು. ಇನ್ನೊಂದು ದಾರಿ ಇಂಗಾಲದ ಕಣಗಳ ಶಾಯಿ: ಪ್ಲಾಟಿನಂ ಕಾರ್ಬನ್ ಅಥವಾ ಸೈಲರ್ ಕಿವಾಗುರೊ. ನಾನು ಹಿಡಿದದ್ದು ಇದನ್ನು. ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ, ಬಿಸಿಲಿಗೆ ಮಾಸುವುದಿಲ್ಲ. ಅರ್ಧ ಹಾಳೆಗೆ ರಟ್ಟು ಮುಚ್ಚಿ ಬೇಸಿಗೆಯ ಕಿಟಕಿಯಲ್ಲಿ ಇಟ್ಟು ನೋಡಿದೆ, ಮುಚ್ಚಿದ ಭಾಗಕ್ಕೂ ತೆರೆದ ಭಾಗಕ್ಕೂ ವ್ಯತ್ಯಾಸ ಕಾಣಲಿಲ್ಲ. ನೇರಳೆ ಛಾಯೆಯ ಒಂದು ಬಣ್ಣದ ಕಪ್ಪು ಅದೇ ಕಿಟಕಿಯಲ್ಲಿ ಕಂದಾಗಿತ್ತು.

ಚುನಾವಣೆಯ ಶಾಯಿಯನ್ನೇ ತುಂಬಿಸಬಾರದೇ ಎಂದು ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಕೇಳಿದ್ದುಂಟು. ಮೈಸೂರಿನ ಕಾರ್ಖಾನೆಯಿಂದ 1962ರ ಚುನಾವಣೆಯಿಂದ ಬರುತ್ತಿರುವ ಆ ಶಾಯಿಯ ಕೆಲಸ ನಡೆಯುವುದು ಸಿಲ್ವರ್ ನೈಟ್ರೇಟಿನಿಂದ. ಅದು ಬೆರಳಿಗೆ ಸರಿ, ಪೆನ್ನಿಗಲ್ಲ. ನಗುವ ಮಾತಲ್ಲದ ಎಚ್ಚರಿಕೆ ಇನ್ನೊಂದಿದೆ. ಅಂಗಡಿಯಲ್ಲಿ ‘ವಾಟರ್‌ಪ್ರೂಫ್ ಕಪ್ಪು’ ಎಂದು ಕೇಳಿದರೆ ಹಲವರು ಚಿತ್ರ ಬರೆಯುವ ಇಂಡಿಯಾ ಇಂಕ್ ಕೊಡುತ್ತಾರೆ. ಅಂಥ ಶಾಯಿಗಳಲ್ಲಿ ಅರಗಿನಂಥ ಅಂಟು ಇರುತ್ತದೆ. ಪೆನ್ನಿನೊಳಗೆ ಒಣಗಿದರೆ ನಿಬ್ಬಿನ ಅಡಿಯ ಸಂದುಗಳು ಶಾಶ್ವತವಾಗಿ ಮುಚ್ಚಿಹೋಗುತ್ತವೆ. ಬಾಟಲಿಯ ಮೇಲೆ ಫೌಂಟನ್ ಪೆನ್ನಿಗೆ ಎಂದು ಬರೆದಿರದಿದ್ದರೆ ಕೊಳ್ಳಲೇಬೇಡಿ.

ಕಾರ್ಬನ್ ಶಾಯಿಗೆ ಪೆನ್ನನ್ನೂ ಹುಡುಕಿಯೇ ಇಡಬೇಕು. ಮುಚ್ಚಳ ಭದ್ರವಾಗಿ ಕೂರುವ, ಕೆಟ್ಟರೂ ಎದೆ ಒಡೆಯದಂಥ ಪೆನ್ನು. ನನ್ನದು ಪ್ಲಾಟಿನಂ ಪ್ರೆಪ್ಪಿ. ಅದರ ಮುಚ್ಚಳದೊಳಗೆ ಸ್ಪ್ರಿಂಗ್ ಇರುವ ಇನ್ನೊಂದು ಒಳಮುಚ್ಚಳ ನಿಬ್ಬಿಗೆ ಒತ್ತಿ ಕೂರುವುದರಿಂದ ವಾರ ಬಿಟ್ಟು ತೆಗೆದರೂ ಮೊದಲ ಗೆರೆಯಿಂದಲೇ ಬರೆಯುತ್ತದೆ. ಎಬೊನೈಟ್ ಪೆನ್ನಿಗೆ ಈ ಶಾಯಿ ಹಾಕುವುದಿಲ್ಲ. ಎರಡು ಶಾಯಿಗಳನ್ನು ಬೆರೆಸುವುದೂ ಇಲ್ಲ, ತಳದಲ್ಲಿ ಗಸಿ ಕಟ್ಟಿದರೆ ಪೆನ್ನು ಕಟ್ಟುತ್ತದೆ. ಬಾಟಲಿಗೆ ಪೆನ್ನನ್ನು ನೇರ ಅದ್ದದೆ ಬೇಕಾದಷ್ಟನ್ನು ಚಿಕ್ಕ ಗಾಜಿನ ಸೀಸೆಗೆ ಬಗ್ಗಿಸಿಕೊಳ್ಳುತ್ತೇನೆ, ಈ ಹವೆಯಲ್ಲಿ ಬೂಷ್ಟು ಶಾಯಿಯನ್ನೂ ಬಿಡುವುದಿಲ್ಲ. ಬಾಟಲಿಯ ಬಾಯಲ್ಲಿ ಬಿಳಿ ಪೊರೆಯೋ ಲೋಳೆಯೋ ಕಂಡರೆ ಬೆಲೆ ಎಷ್ಟೇ ಇರಲಿ ಚೆಲ್ಲಬೇಕು.

ದಾಖಲಾತಿಯ ಭರಾಟೆ ಮುಗಿದ ಮೇಲೆ ಒಮ್ಮೆ, ಬೇಸಿಗೆ ರಜೆಗೆ ಮೊದಲು ಇನ್ನೊಮ್ಮೆ ಕಾರ್ಬನ್ ಪೆನ್ನನ್ನು ಖಾಲಿ ಮಾಡಿ ತೊಳೆಯುತ್ತೇನೆ. ತಣ್ಣೀರಿಗೆ ಪಾತ್ರೆ ತೊಳೆಯುವ ದ್ರವದ ಒಂದು ತೊಟ್ಟು ಹಾಕಿ, ನಿಬ್ಬನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಸೂಜಿಯಿಲ್ಲದ ಸಿರಿಂಜಿನಿಂದ ನೀರು ನುಗ್ಗಿಸಿದರೆ ಸಾಕು. ಬಿಸಿನೀರು ಬೇಡ, ಸ್ಪಿರಿಟ್ ಅಂತೂ ಬೇಡವೇ ಬೇಡ. ಹೊರಬರುವ ನೀರು ತಿಳಿಯಾದ ಮೇಲೂ ಎರಡು ಸಲ ಹೆಚ್ಚಿಗೆ ನುಗ್ಗಿಸಿ, ನಿಬ್ಬನ್ನು ಕೆಳಮುಖವಾಗಿ ಹತ್ತಿಬಟ್ಟೆಯ ಮೇಲೆ ನಿಲ್ಲಿಸಿಡಿ. ಬಟ್ಟೆಗೆ ಬೂದುಬಣ್ಣ ಇಳಿಯುತ್ತಿದ್ದರೆ ಇನ್ನೂ ತೊಳೆಯುವುದಿದೆ ಎಂದು ಲೆಕ್ಕ.